ಮೊಂಡು ಕತ್ತಿ

ಆ ಮನೆಯಲ್ಲಿ ಬಚ್ಚಲು ಒಂದೇ. ಬೆಳಗಾದರೆ ಅದರ ಬಾಗಿಲ ಮುಂದೆ ಮಗ, ಸೊಸೆ, ಮೊಮ್ಮಗಳು ಒಬ್ಬರ ಹಿಂದೊಬ್ಬರು ಟವೆಲ್ಲು ಹೆಗಲಿಗೆ ಹಾಕಿ ನಿಲ್ಲುತ್ತಿದ್ದರು. ತಾತ ಆ ಸಾಲಿಗೆ ಸೇರಿದವರಲ್ಲ. ಅವರದು ಅಡುಗೆಮನೆಯ ಕಿಟಕಿ. ಚಿಲಕಕ್ಕೆ ಕನ್ನಡಿ ತೂಗಿಹಾಕಿ, ಪಕ್ಕದ ಮೊಳೆಗೆ ಕತ್ತಿ ಮಸೆಯುವ ಚರ್ಮದ ಪಟ್ಟಿ ಸಿಕ್ಕಿಸಿ, ಒಲೆಯ ಮೇಲಿನ ಬಿಸಿನೀರನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಂಡು ಅದರಲ್ಲಿ ಗಡ್ಡದ ಬ್ರಷ್ಷು ನೆನೆಹಾಕುತ್ತಿದ್ದರು. ಅದು ನೆನೆಯುವ ಹೊತ್ತಿಗೆ ಅವರ ಚಹಾ ಮುಗಿಯುತ್ತಿತ್ತು.

“ರೀ, ಸ್ವಲ್ಪ ಆ ಕಡೆ ಸರೀರಿ. ಪಾತ್ರೆಗೆ ನೊರೆ ಬಿದ್ದೀತು,” ಎಂದು ಅಜ್ಜಿ ದಿನವೂ ಅನ್ನುತ್ತಿದ್ದಳು.

“ಬಿದ್ರೆ ಬೀಳಲಿ. ನಿನ್ನ ಅಡುಗೆಗೆ ಒಂದು ಘಮ ಅಂತಾದರೂ ಬರುತ್ತೆ,” ಎಂದು ತಾತ ದಿನವೂ ಉತ್ತರ ಕೊಡುತ್ತಿದ್ದರು.

ತಾತ ಬೋರ್ಡು ಬರೆಯುವವರು. ಅಂಗಡಿಗಳ ನೆತ್ತಿಯ ಮೇಲಿನ ಹೆಸರು, ಆಸ್ಪತ್ರೆಯ ಗೋಡೆಯ ಮೇಲಿನ ಬಾಣದ ಗುರುತು, ಲಾರಿಗಳ ಬೆನ್ನಿನ ಅಕ್ಷರ, ಇವೆಲ್ಲ ಅವರ ಕೈಯಿಂದ ಆದವು. ಬೀದಿಯಲ್ಲಿ ಅವರಿಗೆ ಬೋರ್ಡಿನ ತಾತ ಎಂದೇ ಹೆಸರು. ಈಗ ವರ್ಕ್‌ಶಾಪಿನಲ್ಲಿ ಅಕ್ಷರಗಳನ್ನು ಯಂತ್ರವೇ ಕತ್ತರಿಸುತ್ತಿತ್ತು, ಹುಡುಗರು ಅಂಟಿಸುತ್ತಿದ್ದರು. ಆದರೂ ಗಾಜಿನ ಮೇಲೆ ಸಣ್ಣಕ್ಷರ ಬರೆಯಬೇಕೆಂದರೆ ಧಣಿ ತಾತನನ್ನೇ ಕೂರಿಸುತ್ತಿದ್ದ.

ತಾತನ ಕತ್ತಿ ಮಡಚಿ ಇಡುವಂಥದು, ಕೊಂಬಿನ ಹಿಡಿಯದು, ಮದುವೆಗೆ ಮೊದಲೇ ಕೊಂಡದ್ದು. ಬೀದಿಯ ಗಂಡಸರೆಲ್ಲ ಎರಡು ದಿನ ಕೆರೆದು ಬಿಸಾಡುವ ರೇಜರಿಗೆ ಹೋದಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಅದಕ್ಕೆ ಕಾರಣವನ್ನು ಮೊಮ್ಮಗಳಿಗೆ ಒಮ್ಮೆ ಹೇಳಿದ್ದರು. ಮೊಮ್ಮಗಳು ಹೈಸ್ಕೂಲಿನವಳು, ಮಾತು ಚಟಪಟ ಸಿಡಿಯುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ಚಿನಕುರಳಿ ಎಂದು ಹೆಸರು.

“ಕೆನ್ನೆ ಮೇಲೆ ಕೈ ನಿಂತ್ರೆ ಹಲಗೆ ಮೇಲೂ ನಿಲ್ಲುತ್ತೆ. ಇದು ನನಗೆ ದಿನಾ ಬೆಳಗ್ಗೆ ಒಂದು ಪರೀಕ್ಷೆ.”

“ಫೇಲಾದ್ರೆ ತಾತ?”

“ಅವತ್ತು ಕೆಲಸಕ್ಕೆ ಹೋಗಲ್ಲ.”

“ನಿಮಗೆ ಫೇಲಾದ್ರೆ ರಜಾ, ನಮಗೆ ಫೇಲಾದ್ರೆ ಅಪ್ಪನ ಕೈ ಏಟು. ಇದ್ಯಾವ ನ್ಯಾಯ?”

ಆ ವರ್ಷ ತಾತನ ಬಲಗೈ ನಡುಗಲು ಶುರುವಾಯಿತು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಾಗ ಹೆಬ್ಬೆರಳೂ ತೋರುಬೆರಳೂ ಬತ್ತಿ ಹೊಸೆದಂತೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಚಹಾದ ಲೋಟ ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟು, ಇದು ನಿಧಾನವಾಗಿ ಏರುವ ಕಾಯಿಲೆ, ಕೈಯನ್ನು ಆಡಿಸುತ್ತಾ ಇರಿ, ಸುಮ್ಮನೆ ಕೂರಬೇಡಿ ಎಂದಿದ್ದರು. ಆ ನಡುಕಕ್ಕೆ ಒಂದು ಗುಣವಿತ್ತು. ಕೈ ಖಾಲಿ ಇದ್ದಾಗ ಆಡುತ್ತಿತ್ತು, ಕೆಲಸ ಸಿಕ್ಕರೆ ನಿಲ್ಲುತ್ತಿತ್ತು. ಕತ್ತಿ ಕೆನ್ನೆಗೆ ತಾಗಿದ ಕೂಡಲೇ ಬೆರಳುಗಳು ಮೊದಲಿನಂತೆ ಗಟ್ಟಿಯಾಗುತ್ತಿದ್ದವು. ಇದು ತಾತನಿಗೆ ಗೊತ್ತಿತ್ತು. ಮನೆಯವರು ಕಂಡದ್ದು ತೊಡೆಯ ಮೇಲಿನ ಕೈಯನ್ನು ಮಾತ್ರ.

ಮಗ ಸಿಟಿ ಬಸ್ಸಿನ ಡ್ರೈವರ್. ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದ.

“ಅಪ್ಪ, ಆ ಕತ್ತಿ ಇನ್ನು ಸಾಕು.”

“ಯಾಕೆ, ನಿನ್ನ ಕೆನ್ನೆಗೆ ಬಂತಾ?”

“ಕುತ್ತಿಗೆ ಹತ್ತಿರ ಆಡಿಸ್ತೀರಿ. ಒಂದು ಹೋಗಿ ಒಂದು ಆದ್ರೆ ನಾವು ಏನು ಮಾಡೋಣ?”

“ನೀನು ಬಸ್ಸಲ್ಲಿ ಅಷ್ಟು ಜನರ ಕುತ್ತಿಗೆ ಕೈಲಿಟ್ಕೊಂಡು ಓಡಾಡ್ತೀಯ. ನಾನು ನನ್ನೊಬ್ಬನದು ನೋಡ್ಕೋಬಾರದಾ?”

“ನನ್ನ ಕೈ ನಡುಗಲ್ಲ.”

ಅಜ್ಜಿ ಮಗನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, “ಉಣ್ಣೋ ಹೊತ್ತಲ್ಲಿ ಯಾಕೋ ಇದೆಲ್ಲ,” ಎಂದಳು. ಸೊಸೆ ತಲೆ ಎತ್ತದೆ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸದವಳು. ಕೈಯಲ್ಲಿ ಒಂದು ಕೆಲಸವಿಲ್ಲದೆ ಜಗಳ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

ಸಂಬಳದ ವಾರ ಗಂಡ ಹೆಂಡತಿ ಇಬ್ಬರೂ ಶೇವಿಂಗ್ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ರೇಜರುಗಳನ್ನು ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

“ಇದು ಬ್ಲೇಡು ಹಾಕೋದು. ಭಾರದ್ದೇ ತಗೊಳ್ಳಿ. ಭಾರ ಇದ್ರೆ ಒತ್ತೋದು ಬೇಡ, ತನ್ನ ತೂಕಕ್ಕೆ ತಾನೇ ಇಳಿಯುತ್ತೆ. ಈ ಹಲ್ಲಿನದು ಒರಟು ಗಡ್ಡಕ್ಕೆ. ಕೈ ನಡುಗೋರಿಗೆ ಬೇಡ, ಅವರಿಗೆ ಈ ಮುಚ್ಚಿದ ಅಂಚಿನದು.”

“ನಡುಗುತ್ತೆ ಅಂತ ನಾವು ಹೇಳ್ಲೇ ಇಲ್ಲವಲ್ಲ,” ಎಂದಳು ಸೊಸೆ.

“ಅಪ್ಪನಿಗೆ ಅಂದ್ರಲ್ಲಮ್ಮ. ಮಕ್ಕಳು ಬಂದು ಅಪ್ಪನಿಗೆ ಅಂತ ರೇಜರ್ ಕೊಳ್ಳೋದು ಅದಕ್ಕೇನೇ.”

ಬ್ರಷ್ಷೂ ಒಂದು ಇರಲಿ ಎಂದ ಮಗ. ಹಂದಿ ಕೂದಲಿನದು ಮೊದಮೊದಲು ಚುಚ್ಚುತ್ತದೆ, ಬಳಸಿದಷ್ಟೂ ತುದಿ ಸೀಳಿ ಮೆತ್ತಗಾಗುತ್ತದೆ ಎಂದ ಅಂಗಡಿಯವನು. ನೈಲಾನಿನದು ಮೊದಲ ದಿನವೇ ಮೆತ್ತಗೆ, ಬೇಗ ಒಣಗುತ್ತದೆ, ಆದರೆ ನೀರು ಹಿಡಿಯುವುದಿಲ್ಲ. ಮಗ ಮೆತ್ತಗಿನದನ್ನೇ ಕೊಂಡ.

ತಾತ ಆ ಬ್ರಷ್ಷನ್ನು ಅಂಗೈಗೆ ಒತ್ತಿ, ಬಿಡಿಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹುಟ್ಟಿದಾಗಿನಿಂದ ಕುಂಚ ಹಿಡಿದವರು.

“ನೀರೇ ಕುಡಿಯದ ಕುಂಚ. ಕೊಳ್ಳೋವಾಗ ನನ್ನೂ ಒಂದು ಮಾತು ಕರೀಬಾರದಾಗಿತ್ತಾ?”

“ಕರೆದಿದ್ರೆ ನೀವು ಬರ್ತಿದ್ರಾ?”

“ಬರ್ತಿರ್ಲಿಲ್ಲ. ಕರೀಬೇಕಾಗಿತ್ತು.”

ಮಗನ ಮನಸ್ಸು ನೋಯಿಸಬಾರದೆಂದು ತಾತ ಒಂದು ವಾರ ಆ ರೇಜರನ್ನೇ ಬಳಸಿದರು. ಮುಖ ನುಣ್ಣಗೇ ಆಗುತ್ತಿತ್ತು. ಅಜ್ಜಿ, “ನೋಡಿ, ಎಷ್ಟು ಲಕ್ಷಣವಾಗಿದೆ,” ಎಂದಳು. ತಾತ ಕೆನ್ನೆ ಸವರಿಕೊಂಡು ಹೇಳಿದರು: “ಲಕ್ಷಣಕ್ಕೇನು ಕಡಿಮೆ ಇಲ್ಲ ಕಣೇ. ಆದರೆ ಇದರಲ್ಲಿ ಕೈಗೆ ಕೆಲಸವೇ ಇಲ್ಲ. ಎಂಥಾ ಕೈಗೂ ಪಾಸು ಕೊಟ್ಟುಬಿಡುತ್ತೆ. ನನ್ನ ಕೈ ಹೇಗಿದೆ ಅಂತ ನನಗೆ ತಿಳಿಯೋದು ಹೇಗೆ?”

ಮುಂದಿನ ವಾರ ಚರ್ಮದ ಪಟ್ಟಿ ಮತ್ತೆ ಮೊಳೆಗೆ ಬಂತು. ಪಟ್ಟಿಯ ಮೇಲೆ ಕತ್ತಿ ಸರಕ್ ಸರಕ್ ಎಂದು ಹೋಗಿ ಬರುವ ಸದ್ದು ಕೇಳಿ ಮಗ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಹೊರಗೆ ಬಂದ. ಅಜ್ಜಿಯನ್ನು ಹಿತ್ತಲಿಗೆ ಕರೆದು ಪಿಸುದನಿಯಲ್ಲಿ ರೇಗಿದ.

“ಅಮ್ಮ, ಆ ಕತ್ತಿ ಬಾವಿಗೆ ಹಾಕು, ಗುಜರಿಗೆ ಹಾಕು, ನನಗೆ ಗೊತ್ತಿಲ್ಲ. ನಾಳೆ ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ.”

“ಅದಿಲ್ಲದಿದ್ರೆ ಅವರು ಬದುಕ್ತಾರೇನೋ?”

“ಇದ್ದರೂ ಬದುಕಲ್ಲ, ನೋಡ್ತಿರು.”

ಅಜ್ಜಿಗೆ ಆ ದಿನವೆಲ್ಲ ಅದೇ ಚಿಂತೆ. ಕತ್ತಿ ಬಚ್ಚಿಟ್ಟರೆ ಗಂಡ ಆಕಾಶ ಭೂಮಿ ಒಂದು ಮಾಡುತ್ತಾರೆ. ಬಿಟ್ಟರೆ ಮಗನ ಮಾತು ನಿಜವಾದೀತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯಾಹ್ನ ಸೌತೆಕಾಯಿ ಹೆಚ್ಚುತ್ತಿದ್ದಾಗ ಈಳಿಗೆ ಮೊಂಡಾಗಿ ಸಿಪ್ಪೆಯ ಮೇಲೆ ಜಾರಿತು, ಬೆರಳಿಗೆ ತಾಗಿದರೂ ಗೀರು ಬೀಳಲಿಲ್ಲ. ಅಜ್ಜಿ ಬೆರಳು ನೋಡಿಕೊಂಡಳು. ಮೊಂಡಾದದ್ದು ಕೊಯ್ಯುವುದಿಲ್ಲ, ಇಷ್ಟು ಕಾಲ ಅಡುಗೆಮನೆಯಲ್ಲಿ ಅವಳು ಕಂಡಿದ್ದು ಇದೇ. ಎದ್ದು ಕೈ ಒರೆಸಿಕೊಂಡು, ಕಿಟಕಿಯ ಹಲಗೆಯಿಂದ ಕತ್ತಿ ತೆಗೆದು ಬಿಡಿಸಿ, ಅದರ ಬಾಯಿಯನ್ನು ಹೊಸ್ತಿಲ ಕಲ್ಲಿನ ಮೇಲೆ ಮೆಲ್ಲಗೆ ಎಳೆದಳು. ಇನ್ನೊಮ್ಮೆ ಎಳೆದಳು. ನೋಡಿದರೆ ಏನೂ ಕಾಣುತ್ತಿರಲಿಲ್ಲ. ಮಡಚಿ, ಇದ್ದಲ್ಲೇ ಇಟ್ಟು, ಸೌತೆಕಾಯಿಗೆ ಉಪ್ಪು ಹಾಕಿದಳು. ನಾಳೆ ಬೆಳಗ್ಗೆ ಕತ್ತಿ ಏನನ್ನೂ ಕತ್ತರಿಸುವುದಿಲ್ಲ, ಅವರಿಗೇ ಬೇಸರವಾಗಿ ರೇಜರಿಗೆ ಹೋಗುತ್ತಾರೆ ಎಂದುಕೊಂಡಳು.

ಅಡುಗೆಮನೆಯ ಕತ್ತಿಯ ಲೆಕ್ಕ ಬೇರೆ, ಗಡ್ಡದ ಕತ್ತಿಯ ಲೆಕ್ಕ ಬೇರೆ. ಹರಿತವಾದ ಕತ್ತಿ ಕೂದಲನ್ನು ಕತ್ತರಿಸಿ ಮುಂದೆ ಹೋಗುತ್ತದೆ. ಮೊಂಡಾದದ್ದು ಕೂದಲಿಗೆ ಸಿಕ್ಕಿ ನಿಲ್ಲುತ್ತದೆ; ನಿಂತದ್ದನ್ನು ಒತ್ತಿದರೆ ಹಾರಿ ಚರ್ಮಕ್ಕೆ ಇಳಿಯುತ್ತದೆ.

ಮರುದಿನ ತಾತ ಎಂದಿನಂತೆ ಪಟ್ಟಿಗೆ ಎಳೆದು, ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಬಣ್ಣ ತೊಳೆಯುವ ಟರ್ಪೆಂಟೈನಿನಲ್ಲಿ ಬೆಂದ ಹೆಬ್ಬೆರಳು ಅದು, ಅದಕ್ಕೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ನೊರೆ ಹಚ್ಚಿ ಕೆನ್ನೆಗೆ ಇಟ್ಟಾಗ ಕತ್ತಿ ಕೂದಲನ್ನು ಕಿತ್ತಿತು. ಮತ್ತೆ ಪಟ್ಟಿಗೆ ಎಳೆದರು. ಮತ್ತೆ ಕಿತ್ತಿತು. ಅಜ್ಜಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು, “ಬರ್ತಿಲ್ವಾ? ಬಿಡಿ ಹಾಗಾದ್ರೆ, ರೇಜರ್ ಕೊಡ್ತೀನಿ,” ಎಂದಳು. ತಾತ ಗಲ್ಲದ ಕೆಳಗೆ, ಕೂದಲು ಒರಟಾಗಿರುವ ಕಡೆ, ಸ್ವಲ್ಪ ಒತ್ತಿದರು.

ಅಜ್ಜಿ ತಿರುಗಿದಾಗ ನೊರೆ ಕೆಂಪಾಗಿತ್ತು.

ಸೊಸೆ ಲಾಂಡ್ರಿಗೆ ಹೊರಟವಳು ಚೀಲ ಎಸೆದು, ಒಣಗಲು ಹಾಕಿದ್ದ ಬಟ್ಟೆ ಎಳೆದು ಗಾಯಕ್ಕೆ ಒತ್ತಿಹಿಡಿದಳು. ಮಗ ರಿಕ್ಷಾ ತಂದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಇನ್ನೊಂದು ಬೆರಳಗಲ ಕೆಳಗೆ ಬಿದ್ದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು.

ಮನೆಗೆ ಬಂದಮೇಲೆ ತಾತ ಬಹಳ ಹೊತ್ತು ಬಲಗೈಯನ್ನೇ ನೋಡುತ್ತ ಕೂತಿದ್ದರು.

“ಪಟ್ಟಿಗೆ ಎಳೆಯೋದೂ ಬರ್ತಿಲ್ಲ ಈ ಕೈಗೆ,” ಎಂದರು ಕೊನೆಗೆ. “ಎಳೀತಾ ಎಳೀತಾ ನಡುಗಿ ಕತ್ತಿ ಬಾಯಿಯನ್ನೇ ಮಡಚಿಬಿಟ್ಟಿದೆ. ಅದೂ ನನಗೆ ತಿಳೀಲಿಲ್ಲ. ಕೈಯೇ ಕೈಕೊಟ್ಟಮೇಲೆ ಇನ್ನೇನು.”

ಅಜ್ಜಿ ಬಾಗಿಲ ಹತ್ತಿರ ನಿಂತಿದ್ದಳು. ಆಗಲೇ ಹೇಳಬಹುದಾಗಿತ್ತು. ಮಗ ಅಲ್ಲೇ ಇದ್ದ, ಸೊಸೆ ಇದ್ದಳು, ಗಾಯ ಹಸಿಯಾಗಿತ್ತು. ಅವಳು ಹಾಲು ಕಾಯಿಸಲು ಹೋದಳು.

ಆ ವಾರವೇ ತಾತ ತಮ್ಮ ಕುಂಚಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಮಗನ ಕೈಯಲ್ಲಿ ವರ್ಕ್‌ಶಾಪಿಗೆ ಕಳಿಸಿಬಿಟ್ಟರು.

“ಯಾರಾದ್ರೂ ಹುಡುಗರು ಬಳಸಲಿ ಅಂತ ಹೇಳು. ಗಾಜಿನ ಕೆಲಸ ಒಪ್ಕೋಬೇಡ ಅಂತಲೂ ಹೇಳು. ನಾನು ಬರೋದಿಲ್ಲ.”

ಮಗನಿಗೆ ಒಳಗೊಳಗೆ ಸಮಾಧಾನವೇ ಆಯಿತು. ಹಗಲುಪಾಳಿ ಬಸ್ಸು ಓಡಿಸುವಾಗ, ಅಪ್ಪ ಅಂಗಡಿಯ ಗಾಜಿಗೆ ಬರೆಯಲು ಏಣಿಯ ಮೇಲೆ ನಿಂತಿದ್ದಾರೇನೋ ಎಂಬ ದಿಗಿಲು ಇನ್ನಿಲ್ಲ. ಅದನ್ನೇ ಹೆಂಡತಿಗೆ ಹೇಳಿದ. “ಗಾಯ ಆಗಿದ್ದು ಕೆಟ್ಟದ್ದೇ. ಆದರೆ ಬುದ್ಧಿ ಬಂತು.”

“ಯಾರಿಗೆ?” ಎಂದಳು ಸೊಸೆ.

ಮುಂದಿನ ದಿನಗಳಲ್ಲಿ ಕಿಟಕಿಯ ಕನ್ನಡಿ ಒಳಗೆ ಹೋಯಿತು. ತಾತನ ಮುಖದ ಮೇಲೆ ಬಿಳಿ ಗಡ್ಡ ಬೆಳೆಯಿತು, ಗಾಯದ ಜಾಗವೊಂದನ್ನು ಬಿಟ್ಟು.

“ತಾತ, ನೀವೀಗ ಥೇಟ್ ಸನ್ಯಾಸಿ. ಒಂದು ಮರ ನೋಡಿ ಕೂತ್ಕೊಳ್ಳಿ, ನಾನು ತಟ್ಟೆ ಹಿಡ್ಕೊಂಡು ದುಡ್ಡು ಎತ್ತುತೀನಿ,” ಎಂದಳು ಚಿನಕುರಳಿ.

ತಾತ ನಕ್ಕರು. ಆದರೆ ಎಂದಿನಂತೆ ಮಾತಿಗೆ ಮಾತು ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಪೆಚ್ಚಾಗಿ ಪುಸ್ತಕಕ್ಕೆ ಹೋದಳು.

ಕೆಲಸವಿಲ್ಲದ ಕೈಗೆ ನಡುಕವೇ ಕೆಲಸವಾಯಿತು. ಮೊದಲು ಬಸಿಗೆ ಚೆಲ್ಲುತ್ತಿದ್ದ ಚಹಾ ಈಗ ಅಂಗಿಗೆ ಚೆಲ್ಲಿತು. ಅನ್ನ ತಟ್ಟೆಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ಉದುರಿತು. ಎಲ್ಲರ ಜತೆ ಕೂತು ಉಣ್ಣುವುದನ್ನು ತಾತ ಬಿಟ್ಟರು. “ನನಗೆ ಈಗ ಹಸಿವಿಲ್ಲ, ಆಮೇಲೆ ನೋಡೋಣ,” ಎನ್ನುತ್ತಿದ್ದರು. ಎಲ್ಲರದೂ ಮುಗಿದಮೇಲೆ ಒಬ್ಬರೇ ಉಂಡು, ಬಗ್ಗಿ ನೆಲದ ಮೇಲಿನ ಅಗುಳನ್ನು ತಾವೇ ಆರಿಸುತ್ತಿದ್ದರು. ಅಜ್ಜಿ ಅವರಿಗಿಂತ ಕಡಿಮೆ ಉಣ್ಣತೊಡಗಿದಳು. ಬಡಿಸುವಾಗ ಪಾತ್ರೆ ತುಂಬ ಇರುತ್ತಿತ್ತು, ಎತ್ತಿಡುವಾಗಲೂ ತುಂಬ ಇರುತ್ತಿತ್ತು.

“ಅತ್ತೆ, ಅಳತೆ ಕಡಿಮೆ ಮಾಡೋಣ್ವಾ? ದಿನಾ ಚೆಲ್ತಿದ್ದೀವಿ,” ಎಂದಳು ಸೊಸೆ ಒಂದು ಮಧ್ಯಾಹ್ನ, ಪಾತ್ರೆ ತೊಳೆಯುತ್ತಾ. ಅವತ್ತು ಅವಳಿಗೆ ವಾರದ ರಜೆ.

ಅಜ್ಜಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

“ಅವರ ಕೈ ಏನೂ ಮಾಡ್ಲಿಲ್ಲ ಕಣೆ.”

“ಏನು?”

“ಕತ್ತಿ ಮೊಂಡು ಮಾಡಿದ್ದು ನಾನು. ಹೊಸ್ತಿಲಿಗೆ ಎಳೆದೆ. ಮೊಂಡಾದ್ರೆ ಕೊಯ್ಯಲ್ಲ ಅಂದ್ಕೊಂಡೆ.”

ಸೊಸೆಯ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ನಲ್ಲಿಯ ನೀರು ಅದರಲ್ಲಿ ತುಂಬಿ ಹೊರಗೆ ಹರಿಯುತ್ತಿತ್ತು.

“ಮಾವನಿಗೆ ಹೇಳಿದ್ರಾ?”

“ಹೇಗೆ ಹೇಳ್ಲಿ? ಇನ್ನೊಂದು ಬೆರಳಗಲ ಅಂದ್ರಲ್ಲ ಡಾಕ್ಟರು.”

“ಹೇಳ್ಬಿಡಿ ಅತ್ತೆ. ಅವರು ತಮ್ಮ ಕೈ ಸತ್ತೋಯ್ತು ಅಂದ್ಕೊಂಡು ಕೂತಿದ್ದಾರೆ. ಸುಮ್ಮನೆ ಕೂರಬೇಡಿ ಅಂತ ಆಸ್ಪತ್ರೆಯಲ್ಲಿ ಹೇಳಿರ್ಲಿಲ್ವಾ? ದಿನ ಹೋದಷ್ಟೂ ನಿಜವಾಗ್ಲೂ ಹೋಗುತ್ತೆ. ಇಂಥಾದ್ದು ಹೊಟ್ಟೇಲಿ ಇಟ್ಕೊಂಡು ನಿಮಗೆ ಅನ್ನ ಹೇಗೆ ಇಳಿಯುತ್ತೆ?”

“ಇಳೀತಿಲ್ಲವಲ್ಲ,” ಎಂದಳು ಅಜ್ಜಿ.

ಹೇಳುತ್ತೇನೆ ಎಂದಳು. ನಾಳೆ ಎಂದಳು. ಆದರೆ ಸಂಜೆ ಸೊಸೆ ಗಂಡನ ಕಿವಿಗೂ ಹಾಕಿದ್ದರಿಂದ ಅದು ಜಗಳವಾಯಿತು. ತಾತ ಮಹಡಿಯ ಮೆಟ್ಟಿಲ ಮೇಲೆ ಗಾಳಿಗೆ ಕೂತಿದ್ದರು. ಅಡುಗೆಮನೆಯಲ್ಲಿ ಮೂವರೂ ದನಿ ತಗ್ಗಿಸಿ ಕಚ್ಚಾಡಿದರು.

“ಯಾರೂ ಏನೂ ಹೇಳೋದು ಬೇಡ,” ಎಂದ ಮಗ. “ಆಗಿದ್ದು ಆಯ್ತು. ಅಪ್ಪ ಮನೇಲಿದ್ದಾರೆ, ಏಣಿ ಹತ್ತಲ್ಲ, ಕತ್ತಿ ಮುಟ್ಟಲ್ಲ. ಹೇಳಿದ್ರೆ ನಾಳೆನೇ ಎದ್ದು ಹೊರಡ್ತಾರೆ.”

“ಹೊರಡಲಿ. ಅವರ ಕೈ, ಅವರ ಕೆಲಸ,” ಎಂದಳು ಸೊಸೆ.

“ಬಿದ್ದು ಸೊಂಟ ಮುರ್ಕೊಂಡ್ರೆ ಮಾಡೋರು ಯಾರು? ನೀನು ಲಾಂಡ್ರಿ ಬಿಡ್ತೀಯಾ?”

“ಈಗೇನು ಮಾಡ್ತಿಲ್ವಾ? ಅಂಗಿ ದಿನಕ್ಕೆರಡು ಒಗೀತಿರೋದು ಯಾರು? ನಿಮ್ಮ ಬಸ್ಸಿನ ಕಂಡಕ್ಟರಾ?”

“ಅಮ್ಮ ಮಾಡಿದ್ದು ನಮ್ಮ ಒಳ್ಳೇದಕ್ಕೆ.”

“ಒಳ್ಳೇದಕ್ಕೆ ಮಾಡಿದ್ದನ್ನ ಬಾಯಿ ಬಿಟ್ಟು ಹೇಳೋಕೆ ಯಾಕೆ ಹೆದರಿಕೆ?”

ಅಜ್ಜಿ ಇಬ್ಬರ ನಡುವೆ ನಿಂತು, “ನನ್ನನ್ನ ಬಿಟ್ಟುಬಿಡಿ, ನೀವು ಚೆನ್ನಾಗಿರಿ,” ಎಂದು ಅತ್ತಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಗಾದೆಯಲ್ಲೂ ಸುಲಭವಲ್ಲ, ಅಡುಗೆಮನೆಯಲ್ಲಂತೂ ಇಲ್ಲವೇ ಇಲ್ಲ. ನಾಳೆ ಎಂಬುದು ವಾರವಾಯಿತು, ವಾರದ ಹಿಂದೆ ಇನ್ನೊಂದು ವಾರ ಬಂತು. ಸೊಸೆ ದಿನಾ ಬೆಳಗ್ಗೆ ಅತ್ತೆಯ ಮುಖ ನೋಡುತ್ತಿದ್ದಳು, ಅತ್ತೆ ಒಲೆಯ ಕಡೆ ತಿರುಗುತ್ತಿದ್ದಳು.

ಕೊನೆಗೆ ಅಜ್ಜಿಯ ಬಾಯಿ ಬಿಡಿಸಿದ್ದು ತಾತನ ಮಾತೇ. ಒಂದು ದಿನ ಅವಳು ಅವರ ಅಂಗಿಯ ಗುಂಡಿ ಹಾಕುತ್ತಿದ್ದಳು. ಆ ಬೆರಳುಗಳಿಗೆ ಈಗ ಅದೂ ಆಗುತ್ತಿರಲಿಲ್ಲ.

“ನಿನಗೊಂದು ಮಗು ಸಾಕಿದ ಹಾಗಾಯ್ತು ನೋಡು,” ಎಂದರು ತಾತ. “ಕೈ ಹೋಗೋದಾಗಿದ್ರೆ ಒಂದು ಸೂಚನೆ ಕೊಟ್ಟು ಹೋಗಬೇಕಾಗಿತ್ತು. ಹಿಂದಿನ ದಿನ ಕೂಡ ಗಾಜಿನ ಮೇಲೆ ಬರೆದೆ ಕಣೇ, ಒಂದು ಗೆರೆ ಸೊಟ್ಟ ಹೋಗ್ಲಿಲ್ಲ. ಅದೊಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.”

ಅಜ್ಜಿ ಗುಂಡಿ ಬಿಟ್ಟು ನೆಲಕ್ಕೆ ಕೂತಳು. ಹೇಳಿದಳು. ಹೊಸ್ತಿಲ ಕಲ್ಲು, ಸೌತೆಕಾಯಿ, ಮಗ ಹಿತ್ತಲಲ್ಲಿ ಆಡಿದ ಮಾತು, ಎಲ್ಲವನ್ನೂ ಹೇಳಿದಳು.

ತಾತ ಕೇಳಿದರು. ಬೈಯುತ್ತಾರೆಂದು ಅಜ್ಜಿ ಕಾದಳು.

“ಕತ್ತಿ ಎಲ್ಲಿ?” ಎಂದರು.

ಅಟ್ಟದ ಡಬ್ಬಿಯಿಂದ ತಂದುಕೊಟ್ಟಳು. ತಾತ ಅದನ್ನು ಕಿಟಕಿಗೆ ಒಯ್ದು, ಬಿಡಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಹರಿತವಾದ ಬಾಯಿಗೆ ಬೆಳಕು ಅಂಟುವುದಿಲ್ಲ. ಇದರ ಉದ್ದಕ್ಕೂ ಬಿಳಿ ನೂಲಿನಂತೆ ಅಂಟಿಕೊಂಡಿತ್ತು. ಅವತ್ತೇ ಹೀಗೆ ಒಂದು ಸಲ ನೋಡಿದ್ದರೆ, ಇದು ಪಟ್ಟಿಯ ಕೆಲಸವಲ್ಲ ಎಂದು ತಿಳಿಯುತ್ತಿತ್ತು. ತಮ್ಮ ಕೈಯ ಮೇಲೆ ಅನುಮಾನ ಬಂದಿದ್ದರಿಂದ ಕತ್ತಿಯ ಮೇಲೆ ಬರಲಿಲ್ಲ.

“ಅಡುಗೆಮನೆ ಬುದ್ಧಿ ನಿನ್ನದು,” ಎಂದರು ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದ ಮೇಲೆ ಅವರು ಬೆನ್ನು ನೇರ ಮಾಡಿ ನಿಂತಿದ್ದರು, ಅದನ್ನು ಕಂಡು ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸೊಸೆ ಕತ್ತಿಯನ್ನು ಸಾಣೆಗೆ ಕೊಟ್ಟು ತಂದಳು. ಮರುದಿನ ಕನ್ನಡಿ ಕಿಟಕಿಗೆ ಬಂತು. ಮೊದಲು ಕತ್ತರಿಯಿಂದ ಗಡ್ಡ ಇಳಿಸಿದ್ದೂ, ಬ್ರಷ್ಷಿನಲ್ಲಿ ನೊರೆ ಎಬ್ಬಿಸಿದ್ದೂ ಸೊಸೆಯೇ. ಮಗ ಡ್ಯೂಟಿಗೆ ಹೊರಟವನು ಬಾಗಿಲಲ್ಲಿ ನಿಂತು ನೋಡಿದ. ಬೇಡ ಎನ್ನಲು ಬಾಯಿ ತೆರೆದು, ಅಮ್ಮನ ಮುಖ ನೋಡಿ, ಹೋಗಿಬಿಟ್ಟ. ತಾತ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಎರಡು ಕೆನ್ನೆ ಮುಗಿಸಿದರು. ಗಲ್ಲದ ಕೆಳಗೆ ಹೋಗಲಿಲ್ಲ. ಅಲ್ಲಿಗೆ ರೇಜರ್ ಕೇಳಿ ತೆಗೆದುಕೊಂಡರು.

“ನಿಂತಿತಾ?” ಎಂದಳು ಅಜ್ಜಿ.

“ಕತ್ತಿ ಚೆನ್ನಾಗಿದೆ,” ಎಂದರು ತಾತ. “ಹಲಗೆ ಮೇಲೆ ನೋಡಬೇಕು.”

ಸೊಸೆಯ ರಜೆಯ ದಿನ ಇಬ್ಬರೂ ವರ್ಕ್‌ಶಾಪಿಗೆ ಹೋದರು. ದಾರಿಯಲ್ಲಿ ತಾತ ಬಹಳ ಮಾತಾಡಿದರು. ಇದು ನಾನು ಬರೆದದ್ದು, ಈ ಅಂಗಡಿಯವನ ಅಪ್ಪ ಅಕ್ಷರಕ್ಕೆ ಇಷ್ಟು ಎಂದು ಚೌಕಾಸಿ ಮಾಡಿ ಹೆಸರನ್ನೇ ಮೊಟಕು ಮಾಡಿಕೊಂಡ ಎಂದು ನಕ್ಕರು. ಒಳಗೆ ಯಂತ್ರ ಗುಂಯ್ ಎನ್ನುತ್ತ ಬಣ್ಣದ ಹಾಳೆ ಕತ್ತರಿಸುತ್ತಿತ್ತು. ಧಣಿ ಎದ್ದು ಬಂದು, “ಬನ್ನಿ ತಾತ, ನಿಮ್ಮ ಜಾಗ ಹಾಗೇ ಇದೆ,” ಎಂದು ಸ್ಟೂಲು ಎಳೆದುಕೊಟ್ಟ. ಹಳೆಯ ಕುಂಚಗಳನ್ನೂ ಯಾರೋ ತಂದಿಟ್ಟರು. ಒಂದು ಗಾಜಿನ ಚೂರು ಸಿಕ್ಕಿತು. ತಾತ ಕೈ ಆನಿಸುವ ಕೋಲನ್ನು ಗಾಜಿಗೆ ಅಡ್ಡ ಇಟ್ಟು, ಅದರ ಮೇಲೆ ಮಣಿಕಟ್ಟು ಊರಿ, ಕುಂಚ ಅದ್ದಿ, ಉಸಿರು ಹಿಡಿದರು.

ಗಾಜಿಗೆ ತಾಗುವ ಮೊದಲೂ ಕುಂಚ ನಡುಗುತ್ತಿತ್ತು. ತಾಗಿದಮೇಲೂ ನಡುಗಿತು. ಗೆರೆ ಇರುವೆಯ ಸಾಲಿನಂತೆ ಅತ್ತಿತ್ತ ಹೋಯಿತು. ತಾತ ಒರೆಸಿ ಮತ್ತೆ ಎಳೆದರು. ಕೆಲಸ ಕಂಡರೆ ನಿಲ್ಲುತ್ತಿದ್ದ ಕೈ ಈಗ ಕೆಲಸವನ್ನು ಗುರುತಿಸಲಿಲ್ಲ. ಕತ್ತಿ ಮೊಂಡಾದ ದಿನ ಈ ಕೈ ಚೆನ್ನಾಗಿತ್ತು; ಮನೆಯಲ್ಲಿ ಸುಮ್ಮನೆ ಕೂತ ದಿನಗಳಲ್ಲಿ ಹೋಯಿತೋ, ಹೋಗುವ ಕಾಲಕ್ಕೆ ಹೋಯಿತೋ, ಯಾರು ಹೇಳಬಲ್ಲರು. ಹುಡುಗರು ನೋಡದವರಂತೆ ಹಾಳೆ ಅಂಟಿಸುತ್ತಿದ್ದರು. ಧಣಿ ಫೋನು ಬಂತೆಂದು ಹೊರಗೆ ಹೋದ, ಫೋನು ಬಂದಿರಲಿಲ್ಲ.

ತಾತ ಗಾಜನ್ನು ಚೆನ್ನಾಗಿ ಒರೆಸಿ ಗೋಡೆಗೆ ಒರಗಿಸಿಟ್ಟರು. ಕುಂಚಗಳನ್ನು ಸೊಸೆ ತೊಳೆದಳು.

ಹಿಂದಿರುಗುವಾಗ ತಾತ ಯಾವ ಬೋರ್ಡಿನ ಕಡೆಗೂ ತಲೆ ಎತ್ತಲಿಲ್ಲ. ಮನೆಯ ತಿರುವು ಬಂದಾಗ ತಾತ ನಿಂತರು.

“ನಿಮ್ಮತ್ತೆ ಕೇಳ್ತಾಳೆ.”

“ಏನು ಹೇಳೋಣ ಮಾವ?”

“ಕೈ ನೆಟ್ಟಗಿದೆ, ಅಲ್ಲಿ ಕೆಲಸ ಇಲ್ಲ. ಗಾಜಿನದನ್ನೂ ಈಗ ಯಂತ್ರವೇ ಮಾಡುತ್ತಂತೆ. ನಾನು ಹೇಳ್ತೀನಿ. ನೀನು ಹೂಂ ಅನ್ನು.”

“ಮಾವ, ನನಗೆ ಸುಳ್ಳು ಹೇಳೋಕೆ…”

“ಗೊತ್ತು. ಅದಕ್ಕೇ ನಿನ್ನ ಮಾತು ಅವಳು ನಂಬ್ತಾಳೆ.”

ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ತಾತ ಚಪ್ಪಲಿ ಬಿಡುತ್ತಾ, “ಕಾಲ ಕೆಟ್ಟೋಯ್ತು ಕಣೇ. ಕೈ ಇದ್ದೋನಿಗೆ ಕೆಲಸ ಇಲ್ಲ,” ಎಂದು ಗೊಣಗಿ, ಮುಂದಿನ ಕೋಣೆಯಲ್ಲಿ ಕೂತರು. ಅಜ್ಜಿ ಸೊಸೆಯ ಹಿಂದೆ ಅಡುಗೆಮನೆಗೆ ಬಂದಳು. ಬಾಗಿಲು ಅರ್ಧ ಮುಚ್ಚಿದಳು.

“ನಿಜ ಹೇಳು. ಬರೆದ್ರಾ?”

“ಹೂಂ ಅತ್ತೆ.”

“ಗೆರೆ?”

“ನೇರವಾಗಿತ್ತು.”

ಅಜ್ಜಿ ಗೋಡೆಗೆ ಒರಗಿದಳು. “ನೀನು 'ಹೇಳಿ, ಹೇಳಿ' ಅಂತ ಬೆನ್ನು ಬಿದ್ದಿದ್ದಕ್ಕೆ ಸರಿಹೋಯ್ತು. ಇಲ್ಲದಿದ್ರೆ ನಾನೇ ಅವರ ಕೈ ಕಿತ್ಕೊಂಡೆ ಅಂತ ಸಾಯೋವರೆಗೂ ಅನ್ನಿಸ್ತಿತ್ತು.”

ಸೊಸೆ ತಟ್ಟೆಗಳನ್ನು ಇಳಿಸಿದಳು. ತಾತನಿಗೆ ಮುಂದಿನ ಕೋಣೆಗೇ ಒಯ್ದು ಕೊಟ್ಟು ಬಂದಳು. ಅಜ್ಜಿ ತನಗೂ ಬಡಿಸಿಕೊಂಡು, ಒಂದು ತಟ್ಟೆ ಮುಗಿಸಿ, ಎಷ್ಟೋ ದಿನಗಳ ಮೇಲೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

“ನೀನೂ ಕೂತ್ಕೋ, ಯಾಕೆ ನಿಂತೇ ಇದ್ದೀಯ?”

“ನನಗೆ ಹಸಿವಿಲ್ಲ ಅತ್ತೆ. ಆಮೇಲೆ ನೋಡೋಣ,” ಎಂದಳು ಸೊಸೆ.